ಆನರ್ಸ್ ಬೇಕಾ, ಮೂರು ವರ್ಷದ ಡಿಗ್ರಿ ಸಾಕಾ? ಪಿಯುಸಿ ಮುಗಿಸಿದವರಿಗೂ ಅವರ ಮನೆಯವರಿಗೂ

ಪಿಯುಸಿ ರಿಸಲ್ಟ್ ಬಂತು ಅಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ ಅನ್ನೋ ಒಂದೇ ಕಾರಣಕ್ಕೆ ನೆಂಟರು, ನೆಂಟರ ನೆಂಟರು, ಹಳೇ ವಿದ್ಯಾರ್ಥಿಗಳ ತಮ್ಮ ತಂಗಿಯರು, ಕೊನೆಗೆ ಡೇರಿಗೆ ಹಾಲು ಹಾಕಲು ಬಂದವರೂ ಒಂದೇ ಪ್ರಶ್ನೆ ಕೇಳುತ್ತಾರೆ. “ಸಾರ್, ಅದೇನೋ ಆನರ್ಸ್ ಅಂತಾರಲ್ಲ, ಅದಕ್ಕೆ ಸೇರಿಸಿದ್ರೆ ಒಳ್ಳೇದಾ?”

“ಯಾವ ಆನರ್ಸ್?” ಅಂತ ನಾನು ವಾಪಸ್ ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆನರ್ಸ್ ಅಂದರೆ ಒಂದೇ ಅಂದುಕೊಂಡಿರುತ್ತಾರೆ, ಪಾಪ. ನಮ್ಮಲ್ಲಿ ಆ ಹೆಸರಿನಲ್ಲಿ ಕನಿಷ್ಠ ಐದು ಬೇರೆ ಬೇರೆ ಸಾಮಾನು ಮಾರಾಟಕ್ಕಿದೆ. ಬಿಎಸ್‌ಸಿ ಅಗ್ರಿಯೂ ಆನರ್ಸ್. ಡೆಲ್ಲಿಯ ಬಿಎಯೂ ಆನರ್ಸ್. ಎಂಜಿನಿಯರಿಂಗ್‌ನಲ್ಲಿ ಆನ್‌ಲೈನ್ ಕೋರ್ಸ್ ಜಾಸ್ತಿ ಮಾಡಿದವನಿಗೂ ಆನರ್ಸ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ಪ್ರತಿ ವರ್ಷ ಫೋನಿನಲ್ಲಿ ಹೇಳುವುದನ್ನು ಈ ಸಲ ಬರೆದುಬಿಡೋಣ ಅಂತ ಕೂತೆ.

ಮೊದಲು ಗೊಂದಲ ಎಲ್ಲಿಂದ ಶುರುವಾಯಿತು ಅಂತ ಹೇಳಿಬಿಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷದ ಆನರ್ಸ್ ಪದವಿ ಅಂತ ಹೇಳಿತು. ಅದನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ್ದು ನಾವು, 2021-22ರಲ್ಲಿ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಆಮೇಲೆ ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿ ನೋಡಿ 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಮಾಡಿದರು. ನಡುವೆ ಸೇರಿದ್ದ ಮೂರು ಬ್ಯಾಚಿನವರಿಗೆ ಮಾತ್ರ ಬೇಕಿದ್ದರೆ ನಾಲ್ಕನೇ ವರ್ಷ ಓದುವ ಅವಕಾಶ ಇಟ್ಟರು. ಅಂದರೆ ಈಗ ಪಿಯುಸಿ ಮುಗಿಸಿ ನಮ್ಮಂಥ ಸರ್ಕಾರಿ ಕಾಲೇಜಿಗೆ ಬಿಎ, ಬಿಎಸ್‌ಸಿ, ಬಿಕಾಂ ಸೇರುವವರಿಗೆ ಆನರ್ಸ್ ಇಲ್ಲ. ಹಳೇ ಬ್ರೋಷರ್ ತೋರಿಸಿ ಯಾರಾದರೂ ಇದೆ ಅಂದರೆ ನಂಬಬೇಡಿ. ಖಾಸಗಿ ವಿವಿಗಳು, ಡೀಮ್ಡ್ ವಿವಿಗಳು, ಕೇಂದ್ರ ಸರ್ಕಾರದ ಸಂಸ್ಥೆಗಳು ಮಾತ್ರ ಬೇರೆ ದಾರಿ. ಅಲ್ಲಿ ನಾಲ್ಕು ವರ್ಷದ್ದು ನಡೆಯುತ್ತಿದೆ.

(ಡೆಲ್ಲಿಯವರೂ ಇದೇ ಆಟ ಆಡಿದ್ದಾರೆ, ನಾವೇ ಮೊದಲೇನಲ್ಲ. ಡೆಲ್ಲಿ ವಿವಿ 2013ರಲ್ಲಿ ನಾಲ್ಕು ವರ್ಷ ಮಾಡಿ 2014ರಲ್ಲಿ ವಾಪಸ್ ತೆಗೆದುಕೊಂಡಿತು. ಮತ್ತೆ 2022ರಲ್ಲಿ ತಂದಿತು.)

ನಮ್ಮ ಕಾಲೇಜಿನಲ್ಲಿ ಏನಾಯಿತು ಅಂತ ಹೇಳಿದರೆ ವಿಷಯ ಅರ್ಥವಾಗುತ್ತದೆ. 2021ರಲ್ಲಿ ಬಿಎಸ್‌ಸಿಗೆ ಸೇರಿದವರು 46 ಮಕ್ಕಳು. ಮೂರು ವರ್ಷ ಆಗುತ್ತಿದ್ದ ಹಾಗೆ ಬಹಳಷ್ಟು ಜನ ಡಿಗ್ರಿ ತೆಗೆದುಕೊಂಡು ಹೊರಟರು. ನಾಲ್ಕನೇ ವರ್ಷಕ್ಕೆ ಉಳಿದವರು ಏಳು. ಒಬ್ಬಳು ಜಿಂಕ್ ಆಕ್ಸೈಡ್ ಪುಡಿ ತಯಾರಿಸುವ ಪ್ರಾಜೆಕ್ಟ್ ತೆಗೆದುಕೊಂಡಳು. ಪುಡಿ ಏನೋ ಆಯಿತು, ಬೆಳ್ಳಗೆ ಚೆನ್ನಾಗಿಯೇ ಬಂತು. ಆದರೆ ಅದು ನಿಜವಾಗಿ ಏನು ಅಂತ ಪರೀಕ್ಷೆ ಮಾಡುವ ಎಕ್ಸ್‌ಆರ್‌ಡಿ ಯಂತ್ರ ನಮ್ಮಲ್ಲಿಲ್ಲ. ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೆ ಟೇಪ್ ಸುತ್ತಿ, ಪೇಪರಿನಲ್ಲಿ ಮಡಚಿಕೊಂಡು ಅವಳೇ ಬಸ್ಸಿನಲ್ಲಿ ವಿವಿಗೆ ಹೋಗಿ ಕೊಟ್ಟು ಬಂದಳು. ರಿಪೋರ್ಟ್ ಬಂದದ್ದು ಐದು ವಾರ ಆದ ಮೇಲೆ. ಅಷ್ಟರಲ್ಲಿ ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಿತ್ತು. ಅವಳ ತಪ್ಪಿಲ್ಲ. ನನ್ನ ತಪ್ಪೂ ಇಲ್ಲ ಅಂದುಕೊಂಡಿದ್ದೇನೆ. ನಾಲ್ಕನೇ ವರ್ಷಕ್ಕೆ ಬೇಕಾದ ಯಂತ್ರ, ಜನ, ಸಮಯ ಯಾವುದೂ ಇಲ್ಲದ ಕಡೆ ಬರೀ ಹೆಸರು ಬಂದು ಕೂತಿತ್ತು.

ಅವತ್ತಿನಿಂದ ಯಾರೇ ಆನರ್ಸ್ ಅಂದರೂ ನಾನು ಮೊದಲು ನೋಡುವುದು ಒಂದೇ: ಆ ನಾಲ್ಕನೇ ವರ್ಷದಲ್ಲಿ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮಗಳು ಎಲ್ಲಿ ಕೂತು ಏನು ಮಾಡುತ್ತಿರುತ್ತಾಳೆ, ಎದುರಿಗೆ ಯಾರಿರುತ್ತಾರೆ?

ಯಾವುದರಿಂದ ಅಳೆಯಬೇಕು

ಆ ಪ್ರಶ್ನೆಯೇ ಮೊದಲ ಅಳತೆ. ದೇಶದ ವಿವಿಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್ (ಎಷ್ಟು ಓದಿದರು ಅಂತ ಅಳೆಯುವ ಲೆಕ್ಕ), ನಾಲ್ಕಕ್ಕೆ 160. ನಾಲ್ಕನೇ ವರ್ಷದಲ್ಲಿ ಎರಡು ಕವಲು. ಮೊದಲ ಆರು ಸೆಮಿಸ್ಟರ್‌ನಲ್ಲಿ 75% ಅಥವಾ ಅದಕ್ಕಿಂತ ಜಾಸ್ತಿ ಇದ್ದವರು ಸಂಶೋಧನೆಯ ಕವಲಿಗೆ ಹೋಗಬಹುದು, ಅದರಲ್ಲಿ 12 ಕ್ರೆಡಿಟ್ಟಿನ ಒಂದು ಪ್ರಾಜೆಕ್ಟ್ ಇರುತ್ತದೆ. ಉಳಿದವರು ಅದರ ಬದಲು ಇನ್ನಷ್ಟು ಪೇಪರ್ ಓದುತ್ತಾರೆ. ಎರಡಕ್ಕೂ ಆನರ್ಸ್ ಅಂತಲೇ ಹೆಸರು, ಒಂದಕ್ಕೆ ‘ವಿತ್ ರಿಸರ್ಚ್’ ಅಂತ ಬಾಲ. ಬೆಲೆ ಇರುವುದು ಆ ಬಾಲಕ್ಕೆ. ಇದನ್ನು ಅಡ್ಮಿಷನ್ ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಎರಡನೇದು ದುಡ್ಡು. ಇಲ್ಲಿ ಜನ ಫೀ ಮಾತ್ರ ಲೆಕ್ಕ ಹಾಕುತ್ತಾರೆ. ಹಾಸ್ಟೆಲ್ ಇದೆ, ಊಟ ಇದೆ, ಅದಕ್ಕಿಂತ ದೊಡ್ಡದು ಆ ಒಂದು ವರ್ಷ ಸಿಗಬಹುದಾಗಿದ್ದ ಸಂಬಳ. ತಿಂಗಳಿಗೆ 18 ಸಾವಿರದ ಸಣ್ಣ ಕೆಲಸ ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 2 ಲಕ್ಷ 16 ಸಾವಿರ. ಅಪ್ಪನ ಹೆಸರಲ್ಲಿ ಸೊಸೈಟಿ ಸಾಲ ಇರುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಮೂರನೇದು, ಮಧ್ಯದಲ್ಲಿ ಬಿಟ್ಟರೆ ಕೈಯಲ್ಲಿ ಏನು ಉಳಿಯುತ್ತದೆ. ನಾಲ್ಕನೇದು, ಮುಗಿಸಿದ ಮೇಲೆ ಯಾವ ಬಾಗಿಲು ತೆರೆಯುತ್ತದೆ. ಇದರ ಜೊತೆಗೆ ನಾನು ಭಾಷೆಯನ್ನೂ ಸೇರಿಸುತ್ತೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಾಗಿಲಿನ ವಿಷಯ ಇಲ್ಲೇ ಮುಗಿಸಿಬಿಡೋಣ, ಎಲ್ಲ ಆಯ್ಕೆಗೂ ಅದು ಒಂದೇ. ಕೆಎಎಸ್, ಐಎಎಸ್, ಬ್ಯಾಂಕ್ ಪರೀಕ್ಷೆಗೆ ಯಾವುದಾದರೂ ಒಂದು ಡಿಗ್ರಿ ಸಾಕು, ಮೂರು ವರ್ಷದ್ದಾದರೂ ಸರಿ. ಬಿಎಡ್ ಮಾಡಿ ಹೈಸ್ಕೂಲ್ ಮೇಷ್ಟ್ರಾಗಬೇಕು ಅಂದರೂ ನಾಲ್ಕನೇ ವರ್ಷ ಬೇಕಿಲ್ಲ. ಪಿಎಚ್‌ಡಿ ಮಾಡಬೇಕು ಅನ್ನುವವರಿಗೆ ಮಾತ್ರ ಲೆಕ್ಕ ಬೇರೆ. 2022ರ ಯುಜಿಸಿ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ 75% ಇದ್ದರೆ ಎಂಎಸ್‌ಸಿ ಇಲ್ಲದೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಸ್‌ಸಿ, ಎಸ್‌ಟಿ, ಕೆನೆಪದರದಲ್ಲಿಲ್ಲದ ಒಬಿಸಿಯವರಿಗೆ 5% ರಿಯಾಯಿತಿ ಇದೆ. ಆ 75% ಗಮನದಲ್ಲಿರಲಿ. ನಮ್ಮ ಏಳು ಜನರಲ್ಲಿ ಒಬ್ಬನಿಗೆ 73 ಚಿಲ್ಲರೆ ಬಂತು, ರಿಯಾಯಿತಿಯೂ ಅವನಿಗೆ ಅನ್ವಯಿಸುತ್ತಿರಲಿಲ್ಲ. ಒಂದು ವರ್ಷ ಜಾಸ್ತಿ ಓದಿ, ಈಗ ಎಲ್ಲರ ಜೊತೆ ಮತ್ತೆ ಎಂಎಸ್‌ಸಿ ಮಾಡುತ್ತಿದ್ದಾನೆ.

ಅಮೆರಿಕಕ್ಕೆ ಎಂಎಸ್ ಮಾಡಲು ಹೋಗುವ ಆಸೆ ಇದ್ದರೂ ನಾಲ್ಕು ವರ್ಷದ ಡಿಗ್ರಿ ಕೆಲಸಕ್ಕೆ ಬರುತ್ತದೆ, ಅಲ್ಲಿನ ಅನೇಕ ವಿವಿಗಳು 16 ವರ್ಷದ ಓದು ಕೇಳುತ್ತವೆ. ಅಂದ ಹಾಗೆ, ಅಲ್ಲಿ ಆನರ್ಸ್ ಪ್ರೋಗ್ರಾಂ ಅಂದರೆ ಮತ್ತೊಂದು ಅರ್ಥ. ದೊಡ್ಡ ವಿವಿಯ ಒಳಗೆ ಚೆನ್ನಾಗಿ ಓದುವವರನ್ನು ಆರಿಸಿ ಸಣ್ಣ ಸಣ್ಣ ತರಗತಿ, ಕೊನೆಗೆ ಒಂದು ಪ್ರಬಂಧ, ಹೀಗೆ ಬೇರೆಯಾಗಿ ಓದಿಸುವ ವ್ಯವಸ್ಥೆ ಅದು. ಅಲ್ಲಿರುವ ಅಣ್ಣನೋ ಅಕ್ಕನೋ ಫೋನಿನಲ್ಲಿ “ಆನರ್ಸ್ ತಗೋ” ಅಂದಿದ್ದರೆ ಅವರು ಹೇಳಿದ್ದು ಅದು, ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್‌ನಲ್ಲಿರುವುದಲ್ಲ.

ಮೂರು ವರ್ಷದ ಡಿಗ್ರಿ, ಬೇಕಿದ್ದರೆ ಮುಂದೆ ಎಂಎ ಅಥವಾ ಎಂಎಸ್‌ಸಿ

ಇದನ್ನು ಕೀಳಾಗಿ ನೋಡಬೇಡಿ. ನಾನು ಇಲ್ಲೇ ಸಂಬಳ ತೆಗೆದುಕೊಳ್ಳುವವನು ಅಂತ ಹೇಳುತ್ತಿಲ್ಲ. ಮೂರು ಪ್ಲಸ್ ಎರಡು ಅಂದರೂ ಐದು, ನಾಲ್ಕು ಪ್ಲಸ್ ಒಂದು ಅಂದರೂ ಐದು. ಆದರೆ ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಎಂಎಸ್‌ಸಿ ಎಲ್ಲ ವಿವಿಗಳಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ನಾಲ್ಕು ಪ್ಲಸ್ ಎರಡು, ಆರು ವರ್ಷ. ಮೂರು ವರ್ಷಕ್ಕೆ ಡಿಗ್ರಿ ಕೈಯಲ್ಲಿದ್ದರೆ ಮುಂದಿನ ಎರಡು ವರ್ಷ ಎಲ್ಲಿ ಅಂತ ಹೊಸದಾಗಿ ಆರಿಸಿಕೊಳ್ಳಬಹುದು. ಊರಿನಲ್ಲಿ ಬಿಎಸ್‌ಸಿ ಮಾಡಿ ಜಾಮ್ ಪರೀಕ್ಷೆ ಬರೆದು ಐಐಟಿಗೆ ಎಂಎಸ್‌ಸಿ ಮಾಡಲು ಹೋದ ಮಕ್ಕಳು ನಮ್ಮಲ್ಲೂ ಇದ್ದಾರೆ, ಕಡಿಮೆ, ಆದರೆ ಇದ್ದಾರೆ.

ಖರ್ಚು ಬಹಳ ಕಡಿಮೆ. ಹೆಣ್ಣುಮಕ್ಕಳಿಗಂತೂ 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ಮನೆಯಲ್ಲೇ ಊಟ ಮಾಡಿ ಓಡಾಡಿಕೊಂಡು ಓದಬಹುದು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸ್ಕಾಲರ್‌ಶಿಪ್. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30 ಸಾವಿರ ಬರುತ್ತದೆ, ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ: ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ವರ್ಷಕ್ಕೆ 80 ಸಾವಿರ. ಬೋರ್ಡಿನಲ್ಲಿ ಮೇಲಿನ 1%ನಲ್ಲಿ ಬಂದು ಮೂಲ ವಿಜ್ಞಾನ ಓದುವವರಿಗೆ ಸಿಗುತ್ತದೆ, ದೊಡ್ಡ ಸಂಸ್ಥೆಯಲ್ಲೇ ಓದಬೇಕು ಅಂತಿಲ್ಲ. ನಮ್ಮಂಥ ಕಾಲೇಜಿನಲ್ಲಿ ಸಾದಾ ಬಿಎಸ್‌ಸಿ ಮಾಡುವವರೂ ಅರ್ಜಿ ಹಾಕಬಹುದು.

ಭಾಷೆ ಅಂದೆನಲ್ಲ, ಅದು ಇಲ್ಲಿ ಬರುತ್ತದೆ. ಪಿಯುಸಿಯಲ್ಲಿ ಆರ್ಟ್ಸ್ ಅನ್ನು ಕನ್ನಡ ಮಾಧ್ಯಮದಲ್ಲಿ ಓದಿದ ಮಗು ನಮ್ಮ ಬಿಎಯಲ್ಲಿ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಕನ್ನಡದಲ್ಲೇ ಬರೆಯಬಹುದು. ತಲೆಯಲ್ಲಿರುವುದು ಪೂರ್ತಿ ಪೇಪರಿನ ಮೇಲೆ ಬರುತ್ತದೆ. ಅದೇ ಮಗುವನ್ನು ಏಕಾಏಕಿ ಇಂಗ್ಲಿಷ್‌ನ ಆನರ್ಸ್ ತರಗತಿಗೆ ಕಳಿಸಿದರೆ ಮೊದಲ ಎರಡು ಸೆಮಿಸ್ಟರ್ ಓದಿನ ಜೊತೆಯಲ್ಲ, ಡಿಕ್ಷನರಿ ಜೊತೆ ಕಳೆಯುತ್ತದೆ. ಕೆಲವರು ಗಟ್ಟಿಗರು, ದಾಟುತ್ತಾರೆ. ಕೆಲವರು ಮನೆಗೆ ಹೇಳದೆ ಒಳಗೇ ಕುಗ್ಗುತ್ತಾರೆ. ನಿಮ್ಮ ಮಗು ಯಾವ ಥರದ್ದು ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಇದರ ಕೊರತೆಯನ್ನೂ ಹೇಳಬೇಕು. ಅತಿಥಿ ಉಪನ್ಯಾಸಕರ ನೇಮಕ ತಡವಾದ ವರ್ಷ ಒಂದು ಪೇಪರ್ ಪೂರ್ತಿ ಓಡಿಸಿಕೊಂಡು ಮುಗಿಸುತ್ತೇವೆ. ಲ್ಯಾಬಿನಲ್ಲಿ ಹೊಸದು ಕಡಿಮೆ. ಸ್ವಂತವಾಗಿ ಓದುವ ಹಟ ಇಲ್ಲದಿದ್ದರೆ ಮೂರು ವರ್ಷ ಸುಮ್ನೆ ಕಳೆದುಹೋಗುವ ಅಪಾಯ ಇದೆ.

ಐಐಎಸ್‌ಸಿ, ಐಸರ್: ಆನರ್ಸ್ ಅಂತ ಹೆಸರಿಲ್ಲ, ಆದರೆ ಅಸಲಿ ಅದೇ

ವಿಜ್ಞಾನವನ್ನು ನಿಜವಾಗಿ ಇಷ್ಟಪಡುವ ಮಗು ನಿಮ್ಮ ಮನೆಯಲ್ಲಿದ್ದರೆ ಮಿಕ್ಕಿದ್ದೆಲ್ಲ ಓದುವ ಮೊದಲು ಇದನ್ನು ಓದಿ. ಬೆಂಗಳೂರಿನ ಐಐಎಸ್‌ಸಿ 2011ರಿಂದ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಅನ್ನೋ ಕೋರ್ಸ್ ನಡೆಸುತ್ತಿದೆ. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಎಲ್ಲವನ್ನೂ ಓದಬೇಕು. ಬಯಾಲಜಿ ಇಷ್ಟ ಅಂತ ಬಂದವಳೂ ಗಣಿತ ಮಾಡಬೇಕು, ಗಣಿತದ ಹುಚ್ಚಿನವನೂ ಬಯಾಲಜಿ ಲ್ಯಾಬಿಗೆ ಹೋಗಬೇಕು. ಆಮೇಲೆ ಒಂದು ವಿಷಯ ಮುಖ್ಯವಾಗುತ್ತದೆ. ನಾಲ್ಕನೇ ವರ್ಷ ಸಂಶೋಧನೆಯದ್ದು. ನನ್ನ ಬುಧವಾರದ ಪ್ರಶ್ನೆಗೆ ಇಲ್ಲಿ ಉತ್ತರ ಸುಲಭ: ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ, ಅವರ ಪಿಎಚ್‌ಡಿ ವಿದ್ಯಾರ್ಥಿಗಳ ಪಕ್ಕದಲ್ಲಿ. ಎಕ್ಸ್‌ಆರ್‌ಡಿಗೆ ಡಬ್ಬಿ ಹಿಡಿದು ಬಸ್ ಹತ್ತಬೇಕಿಲ್ಲ. ಬೇಕಿದ್ದರೆ ಐದನೇ ವರ್ಷ ಅಲ್ಲೇ ಉಳಿದು ಎಂಎಸ್‌ಸಿಯನ್ನೂ ಪಡೆಯಬಹುದು. ಪಿಯುಸಿಯಲ್ಲಿ ಪಿಸಿಎಂ ಇರಲೇಬೇಕು. ಜೆಇಇ ಅಡ್ವಾನ್ಸ್ಡ್ ಅಥವಾ ಐಎಟಿ ಅನ್ನೋ ಪರೀಕ್ಷೆಯ ರ‍್ಯಾಂಕ್ ಮೇಲೆ ಸೀಟು. ಸೀಟು ಬೆರಳೆಣಿಕೆಯಷ್ಟು, ಪೈಪೋಟಿ ಭಯಂಕರ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ.

ಅದೇ ಐಎಟಿ ಬರೆದರೆ ವಿಜ್ಞಾನಕ್ಕೇ ಅಂತ ಇರುವ ಕೇಂದ್ರ ಸರ್ಕಾರದ ಸಂಸ್ಥೆಗಳಾದ ಏಳು ಐಸರ್‌ಗಳಿಗೂ ದಾರಿ. ನಮಗೆ ಹತ್ತಿರದವು ತಿರುಪತಿ, ತಿರುವನಂತಪುರ, ಬೆಳಗಾವಿ ಕಡೆಯವರಿಗೆ ಪುಣೆ. ಇದು ಐದು ವರ್ಷದ ಬಿಎಸ್-ಎಂಎಸ್. ಪರೀಕ್ಷೆಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಗಣಿತ, ಫಿಸಿಕ್ಸ್ ಒಂದೊಂದರಲ್ಲೂ 15 ಪ್ರಶ್ನೆ, ಒಟ್ಟು 60. ಹಾಗಾಗಿ ಪಿಸಿಎಂಬಿ ಓದಿದವರಿಗೆ ಸ್ವಲ್ಪ ಅನುಕೂಲ. ಪಿಸಿಎಂಸಿಯವರು ಬಯಾಲಜಿ ಬಿಟ್ಟು ಉಳಿದದ್ದರಲ್ಲಿ ಎಳೆಯಬೇಕು. ಇನ್‌ಸ್ಪೈರ್ ಸಿಕ್ಕರೆ ಖರ್ಚಿನ ದೊಡ್ಡ ಪಾಲು ಅದರಲ್ಲೇ ಹೋಗುತ್ತದೆ.

ಗಣಿತ ಒಂದೇ ಸಾಕು, ಬೇರೇನೂ ಬೇಡ ಅನ್ನುವ ಅಪರೂಪದ ಮಕ್ಕಳಿರುತ್ತಾರೆ. ಅವರಿಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಐಎಸ್‌ಐನ (ಭಾರತೀಯ ಸಾಂಖ್ಯಿಕ ಸಂಸ್ಥೆ) ಬಿ.ಮ್ಯಾಥ್ ಆನರ್ಸ್ ಇದೆ. ಪ್ರವೇಶ ಪರೀಕ್ಷೆ ಬೇರೆ, ಕಷ್ಟದ್ದು, ಓದುವವರಿಗೆ ಸ್ಟೈಪೆಂಡ್ ಕೊಡುವ ಪದ್ಧತಿ ಇರುವ ಜಾಗ.

ಇಲ್ಲಿನ ರಿಸ್ಕ್ ದುಡ್ಡಿನದ್ದಲ್ಲ, ಮನಸ್ಸಿನದ್ದು. ಎರಡನೇ ವರ್ಷದಲ್ಲಿ ಸಂಶೋಧನೆ ನನಗಲ್ಲ ಅನ್ನಿಸಿದರೆ ಇಡೀ ವ್ಯವಸ್ಥೆ ನಿಮ್ಮನ್ನು ಬೇರೆ ಕಡೆ ಎಳೆಯುತ್ತಿರುತ್ತದೆ. ಎಂಜಿನಿಯರಿಂಗ್ ಸೀಟು ಸಿಗಲಿಲ್ಲ ಅಂತ ಬೇಜಾರಿನಲ್ಲಿ ಇಲ್ಲಿಗೆ ಕಳಿಸಬೇಡಿ.

ಖಾಸಗಿ ವಿವಿಗಳ ನಾಲ್ಕು ವರ್ಷದ ಆನರ್ಸ್

ಫೋನ್ ಮಾಡುವವರು ಮುಕ್ಕಾಲುಪಾಲು ಕೇಳುವುದು ಇದನ್ನೇ. ಹೆಸರುಗಳೂ ಆಕರ್ಷಕ, ಡೇಟಾ ಸೈನ್ಸ್ ಆನರ್ಸ್, ಸೈಕಾಲಜಿ ಆನರ್ಸ್, ಫಿನ್‌ಟೆಕ್ ಆನರ್ಸ್. ಫೀ ವರ್ಷಕ್ಕೆ ಲಕ್ಷ, ಎರಡು ಲಕ್ಷ, ಕೆಲವು ಕಡೆ ಇನ್ನೂ ಜಾಸ್ತಿ, ಹಾಸ್ಟೆಲ್ ಬೇರೆ.

ಒಳ್ಳೆಯವೂ ಇವೆ, ಹೆಸರಿಗೆ ಮಾತ್ರ ಇರುವವೂ ಇವೆ. ಗುರುತಿಸುವುದು ಹೇಗೆ ಅಂದರೆ, ಕ್ಯಾಂಪಸ್ ನೋಡಲು ಹೋದಾಗ ಸ್ವಿಮ್ಮಿಂಗ್ ಪೂಲ್ ನೋಡಬೇಡಿ, ನಾಲ್ಕನೇ ವರ್ಷದವರು ಎಲ್ಲಿದ್ದಾರೆ ಅಂತ ಕೇಳಿ. ಹೋದ ವರ್ಷ ಎಷ್ಟು ಜನ ನಾಲ್ಕನೇ ವರ್ಷಕ್ಕೆ ಉಳಿದರು? ಒಬ್ಬ ಗೈಡಿಗೆ ಎಷ್ಟು ಮಕ್ಕಳು? ಗೈಡಿಗೆ ಪಿಎಚ್‌ಡಿ ಇದೆಯಾ? ಹಳೇ ಪ್ರಾಜೆಕ್ಟ್ ರಿಪೋರ್ಟ್ ಒಂದು ತೋರಿಸ್ತೀರಾ? ಕಳೆದ ವರ್ಷ ನೆಂಟರ ಹುಡುಗನನ್ನು ಕರೆದುಕೊಂಡು ನಾನೇ ಒಂದು ಕಡೆ ಹೋಗಿದ್ದೆ. ಎಸಿ ಹಾಲ್, ಬಾದಾಮಿ ಹಾಲು, ಟೈ ಕಟ್ಟಿದ ಕೌನ್ಸೆಲರ್. ಪ್ರಾಜೆಕ್ಟ್ ರಿಪೋರ್ಟ್ ಅಂದ ಕೂಡಲೇ ಆ ಕೌನ್ಸೆಲರ್ ಒಳಗೆ ಹೋದವನು ಇಪ್ಪತ್ತು ನಿಮಿಷ ಬರಲಿಲ್ಲ. ಆಮೇಲೆ ಬಂದು, “ಸಾರ್, ಅದು ಕಾನ್ಫಿಡೆನ್ಶಿಯಲ್” ಅಂದ. ಡಿಗ್ರಿ ಮಕ್ಕಳ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಏನಪ್ಪಾ ಗುಟ್ಟು! ಬಾದಾಮಿ ಹಾಲು ಕುಡಿದು ವಾಪಸ್ ಬಂದೆವು.

ಮೂರು ವರ್ಷಕ್ಕೆ ಬಿಡುವ ಅವಕಾಶ ಇದೆಯಾ, ಬಿಟ್ಟರೆ ನಾಲ್ಕನೇ ವರ್ಷದ ಫೀ ಕೇಳುತ್ತಾರಾ ಅನ್ನೋದನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಪಡೆಯಿರಿ.

ಈ ಗುಂಪಿನಲ್ಲಿ ಅಜೀಂ ಪ್ರೇಮ್‌ಜಿ ವಿವಿಯನ್ನು ಬೇರೆಯಾಗಿ ಹೇಳಬೇಕು. ಸರ್ಜಾಪುರದ ಹತ್ತಿರ ಇದೆ, ನಾಲ್ಕು ವರ್ಷದ ಬಿಎ, ಬಿಎಸ್‌ಸಿ ಆನರ್ಸ್. ಫೀ ನೋಡಿ ಹೆದರಬೇಡಿ, ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಆದಾಯ ತೀರಾ ಕಡಿಮೆ ಇದ್ದವರಿಗೆ ಫೀ, ಹಾಸ್ಟೆಲ್, ಊಟ ಎಲ್ಲಕ್ಕೂ ಸಿಗುವ ಅವಕಾಶ ಇದೆ. ಅವರದೇ ಪ್ರವೇಶ ಪರೀಕ್ಷೆ, ಇಂಟರ್‌ವ್ಯೂ. ಓದುವುದು, ಬರೆಯುವುದು ಸಿಕ್ಕಾಪಟ್ಟೆ, ಅದೂ ಇಂಗ್ಲಿಷಿನಲ್ಲಿ. ಮಾರ್ಕ್ಸ್ ತೆಗೆಯುವ ಮಗುವಿಗಿಂತ ಪ್ರಶ್ನೆ ಕೇಳುವ ಮಗುವಿಗೆ ಹೊಂದುವ ಜಾಗ.

ಡೆಲ್ಲಿ ಮತ್ತು ಉಳಿದ ಕೇಂದ್ರೀಯ ವಿವಿಗಳು

ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದರೆ ಡೆಲ್ಲಿ ವಿವಿ, ಜೊತೆಗೆ ನಮ್ಮದೇ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿವಿ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪಾಠ ಕನ್ನಡದಲ್ಲಿ ಇರಲ್ಲ ಅಷ್ಟೆ. ಡೆಲ್ಲಿಯಲ್ಲಿ ಆನರ್ಸ್ ಅಂದರೆ ಹಳೇ ಕಾಲದಿಂದಲೂ ಒಂದೇ ವಿಷಯವನ್ನು ಆಳವಾಗಿ ಓದುವುದು. ಇತಿಹಾಸ, ಅರ್ಥಶಾಸ್ತ್ರ, ಇಂಗ್ಲಿಷ್ ಸಾಹಿತ್ಯಕ್ಕೆ ಒಳ್ಳೆಯ ಹೆಸರು. ಸರ್ಕಾರಿ ಕಾಲೇಜುಗಳಲ್ಲಿ ಫೀ ದುಬಾರಿ ಅಲ್ಲ. ದುಬಾರಿ ಆಗುವುದು ರೂಮಿನ ಬಾಡಿಗೆ, ಯಾಕೆಂದರೆ ಕಾಲೇಜು ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ. ಜನವರಿಯ ಚಳಿ, ನವೆಂಬರಿನ ಹೊಗೆ, ಹಿಂದಿ ಗೊತ್ತಿಲ್ಲದ ಮೊದಲ ಆರು ತಿಂಗಳು, ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಿ. ಐಎಎಸ್ ಕನಸು ಇರುವ ಮಕ್ಕಳಿಗೆ ಅಲ್ಲಿನ ಗಾಳಿ ಚೆನ್ನ ಅಂತಾರೆ, ಓದುವ ವಾತಾವರಣದ ಬಗ್ಗೆ ಹೇಳುತ್ತಿದ್ದೇನೆ.

ಬಿಎಸ್‌ಸಿ ಆನರ್ಸ್ ಅಗ್ರಿ

ನನ್ನ ಮೆಚ್ಚಿನದು, ಹೇಳಿಬಿಡುತ್ತೇನೆ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗ ಕಡೆಯ ಕೃಷಿ ವಿವಿಗಳು, ಬಾಗಲಕೋಟೆಯ ತೋಟಗಾರಿಕೆ ವಿವಿ. ಈ ಡಿಗ್ರಿ ಮೊದಲಿನಿಂದಲೂ ನಾಲ್ಕು ವರ್ಷದ್ದೇ, ಆನರ್ಸ್ ಅನ್ನೋ ಹೆಸರು ಆಮೇಲೆ ಸೇರಿದ್ದು. ಹಾಗಾಗಿ ಸರ್ಕಾರ ನೀತಿ ಬದಲಿಸಿದಾಗ ಇದಕ್ಕೇನೂ ಆಗಲಿಲ್ಲ.

ನಾಲ್ಕನೇ ವರ್ಷದಲ್ಲಿ ಮಕ್ಕಳು ಹಳ್ಳಿಯಲ್ಲೇ ಹೋಗಿ ಇರಬೇಕು. ನಮ್ಮ ಪಕ್ಕದ ಊರಿಗೆ ಒಂದು ಸಲ ಬಂದಿದ್ದರು. ದೇವಸ್ಥಾನದ ಮುಂದಿನ ಕಟ್ಟೆ ಪಕ್ಕ ನೆಲ ಗುಡಿಸಿ, ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸಿದರು. ಕೆರೆ ನೀಲಿ, ಗದ್ದೆ ಹಸಿರು, ರಸ್ತೆ ಕೆಂಪು. ಒಬ್ಬ ಅಜ್ಜ ಕೋಲಿನಿಂದ ತೋರಿಸಿ, “ಏ ಮಗಾ, ಆ ಬೋರ್‌ವೆಲ್ ಬತ್ತಿ ಮೂರು ವರ್ಷ ಆಯ್ತು, ಅಳಿಸು” ಅಂದ. ಹುಡುಗಿ ಬಗ್ಗಿ ಬೆರಳಲ್ಲಿ ಒರೆಸಿದಳು. ಬುಧವಾರ ಮಧ್ಯಾಹ್ನ ಎರಡು ಗಂಟೆಯ ಪ್ರಶ್ನೆಗೆ ನಾನು ಕಂಡ ಅತಿ ಒಳ್ಳೆಯ ಉತ್ತರ ಅದು.

ಸೀಟು ಕೆಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಗುರುತಿಸು ಅಂತಾರೆ. ಹೊಲದ ಪಕ್ಕದಲ್ಲೇ ಬೆಳೆದು ಮೊಬೈಲ್ ನೋಡುತ್ತಾ ಹುರುಳಿ ಯಾವುದು, ತೊಗರಿ ಯಾವುದು ಅಂತ ಗೊತ್ತಿಲ್ಲದ ಮಕ್ಕಳು ಅಲ್ಲಿ ಸಿಕ್ಕಿಬೀಳುತ್ತಾರೆ. ಮುಗಿಸಿದವರಿಗೆ ಕೃಷಿ ಅಧಿಕಾರಿ ಹುದ್ದೆ, ಬ್ಯಾಂಕು, ಬೀಜ-ಗೊಬ್ಬರದ ಕಂಪನಿಗಳು, ಎಂಎಸ್‌ಸಿ ಅಗ್ರಿ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ, ಅದನ್ನೇ ನೆಚ್ಚಿ ಕೂರಬೇಡಿ.

ಎಂಜಿನಿಯರಿಂಗ್‌ನ ಆನರ್ಸ್

ಇದು ಚಿಕ್ಕ ವಿಷಯ. ಬಿಇ ಹೇಗೂ ನಾಲ್ಕು ವರ್ಷ, ಸುಮಾರು 160 ಕ್ರೆಡಿಟ್. ಅದರ ಮೇಲೆ 18ರಿಂದ 20 ಕ್ರೆಡಿಟ್ ಜಾಸ್ತಿ ಮಾಡಿದರೆ ಆನರ್ಸ್ ಅಂತ ಬರೆದು ಕೊಡುತ್ತಾರೆ. ಸಾಮಾನ್ಯವಾಗಿ ಐಐಟಿಗಳವರು ಆನ್‌ಲೈನ್‌ನಲ್ಲಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳು. 12 ವಾರದ ಒಂದು ಕೋರ್ಸಿಗೆ 3 ಕ್ರೆಡಿಟ್ ಅಂತ ಹಿಡಿದರೆ ಆರೇಳು ಕೋರ್ಸ್. ಪಾಠ ಪುಕ್ಕಟೆ, ಪರೀಕ್ಷೆಗೆ ಒಂದೊಂದು ಸಾವಿರ. ಎಲ್ಲಕ್ಕಿಂತ ಅಗ್ಗದ ಆನರ್ಸ್ ಇದು. ಒಳ್ಳೆಯ ಗ್ರೇಡ್ ಇದ್ದವರಿಗೆ ಮಾತ್ರ ಬಿಡುತ್ತಾರೆ, ಯಾವ ಸೆಮಿಸ್ಟರ್‌ನಲ್ಲಿ ಹೆಸರು ಕೊಡಬೇಕು ಅಂತ ನಿಮ್ಮ ಸ್ಕೀಮಿನಲ್ಲಿ ನೋಡಿ. ಬ್ಯಾಕ್‌ಲಾಗ್ ಇಟ್ಟುಕೊಂಡು ಇದರ ಹಿಂದೆ ಓಡಬೇಡಿ. ಎಂಜಿನಿಯರಿಂಗ್‌ಗೆ ಕಾಲೇಜು ಆರಿಸುವಾಗ ‘ನಮ್ಮಲ್ಲಿ ಆನರ್ಸ್ ಇದೆ’ ಅನ್ನೋದು ಕಾರಣವೇ ಅಲ್ಲ.

ಹಾಗಾದರೆ ನಿಮ್ಮ ಮನೆಗೆ ಯಾವುದು

ಮನೆಯಲ್ಲಿ ಕಷ್ಟ ಇದೆ, ಮಗು ಬೇಗ ದುಡಿಯಬೇಕು ಅಂದರೆ ಮೂರು ವರ್ಷದ ಡಿಗ್ರಿ, ಅದರ ಜೊತೆಗೆ ಕೆಪಿಎಸ್‌ಸಿಯೋ ಬ್ಯಾಂಕೋ ಒಂದರ ತಯಾರಿ. ಸಾಲ ಮಾಡಿ ಆನರ್ಸ್ ಬೇಡ. ಕಷ್ಟ ಇದೆ ಆದರೆ ಮಗು ಅಸಾಧ್ಯ ಚುರುಕು ಅಂದರೆ ಐಐಎಸ್‌ಸಿ, ಐಸರ್, ಅಜೀಂ ಪ್ರೇಮ್‌ಜಿ ಮೂರಕ್ಕೂ ಅರ್ಜಿ ಹಾಕಿ. ಅಲ್ಲಿ ಸೀಟು ಸಿಗದಿರುವುದು ಬೇರೆ ಮಾತು, ದುಡ್ಡಿಲ್ಲ ಅಂತ ಅರ್ಜಿಯನ್ನೇ ಹಾಕದಿರುವುದು ತಪ್ಪು. ಜಮೀನಿದೆ, ಮಗುವಿಗೆ ಬಯಾಲಜಿ ಇಷ್ಟ, ನೀಟ್‌ನಲ್ಲಿ ಆಗಲಿಲ್ಲ ಅಂತ ಇನ್ನೊಂದು ವರ್ಷ ಕೋಚಿಂಗಿಗೆ ಕೂರಿಸುವ ಮೊದಲು ಅಗ್ರಿ ನೋಡಿ. ವಿದೇಶಕ್ಕೆ ಹೋಗಲೇಬೇಕು, ಖರ್ಚು ಮಾಡುವ ಶಕ್ತಿ ಇದೆ ಅನ್ನುವವರಿಗೆ ಒಳ್ಳೆಯ ಖಾಸಗಿ ವಿವಿಯ ನಾಲ್ಕು ವರ್ಷ ಸರಿ, ನಾನು ಹೇಳಿದ ಪ್ರಶ್ನೆಗಳನ್ನು ಕೇಳಿದ ಮೇಲೆ. ಮಗಳನ್ನು ದೂರ ಕಳಿಸಲ್ಲ ಅನ್ನುವ ತಂದೆಯರ ಜೊತೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ. ಮಗಳ ಹತ್ತಿರ ಮಾತ್ರ ಗುಟ್ಟಾಗಿ, ಡಿಗ್ರಿ ಮೂರು ವರ್ಷ ಇಲ್ಲಿ ಚೆನ್ನಾಗಿ ಓದು, ಎಂಎಸ್‌ಸಿಗೆ ದೂರ ಹೋಗು ಅನ್ನುತ್ತೇನೆ. ಅಷ್ಟರಲ್ಲಿ ಅಪ್ಪನೂ ಸ್ವಲ್ಪ ಮೆತ್ತಗಾಗಿರುತ್ತಾರೆ.

ಇನ್ನು ದಿನಾಂಕದ ವಿಷಯ. ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂದವರು ಅರ್ಧ ಆಯ್ಕೆ ಕಳೆದುಕೊಂಡಿರುತ್ತಾರೆ. ಕೆಸಿಇಟಿ, ಸಿಯುಇಟಿ, ಐಎಟಿ ಎಲ್ಲದರ ಅರ್ಜಿಯೂ ಸೆಕೆಂಡ್ ಪಿಯುಸಿ ಪರೀಕ್ಷೆಯ ಆಸುಪಾಸಿನಲ್ಲೇ ಶುರುವಾಗುತ್ತದೆ, ಖಾಸಗಿ ವಿವಿಗಳದ್ದು ಅದಕ್ಕೂ ಮುಂಚೆ. ರಿಸಲ್ಟ್ ಆದ ಮೇಲೂ ಧಾರಾಳವಾಗಿ ತೆರೆದಿರುವುದು ನಮ್ಮಂಥ ಡಿಗ್ರಿ ಕಾಲೇಜಿಗೆ ಅರ್ಜಿ ಹಾಕುವ ಯುಯುಸಿಎಂಎಸ್ ಪೋರ್ಟಲ್. ಹೋದ ವರ್ಷ ಜೂನ್ ಕೊನೆಯಲ್ಲಿ ಒಬ್ಬರು ಫೋನ್ ಮಾಡಿದರು. ಮಗನಿಗೆ ಪಿಸಿಎಂಬಿಯಲ್ಲಿ 97%, ಐಸರ್ ಬಗ್ಗೆ ಅವತ್ತು ತಾನೇ ಯಾರೋ ಹೇಳಿದ್ದರಂತೆ. ಪರೀಕ್ಷೆ ಮುಗಿದುಹೋಗಿತ್ತು. ಹುಡುಗ ಈಗ ನನ್ನ ಕ್ಲಾಸಿನಲ್ಲೇ ಎರಡನೇ ಬೆಂಚಿನಲ್ಲಿ ಕೂರುತ್ತಾನೆ. ಇನ್‌ಸ್ಪೈರ್ ಅರ್ಜಿ ನಾವಿಬ್ಬರೂ ಕೂತು ತುಂಬಿದೆವು, ಜಾಮ್‌ನ ಹಳೇ ಪ್ರಶ್ನೆಪತ್ರಿಕೆಗಳನ್ನು ಈಗಲೇ ಕೇಳಿ ತೆಗೆದುಕೊಂಡು ಹೋಗಿದ್ದಾನೆ.